ದಪ್ಪ ಸ್ಲ್ಯಾಬ್ ಅಕ್ಷರಕ್ಕೆ ಇಟಾಲಿಕ್ ಬರೆಯುವಾಗ

ಬೋಲ್ಡ್ ಸ್ಲ್ಯಾಬ್ ಸೆರಿಫ್ ಫಾಂಟ್ (ಗೆರೆಗಳ ತುದಿಯಲ್ಲಿ ದಪ್ಪ ಅಡ್ಡಪಟ್ಟಿ ಇರುವ ಇಂಗ್ಲಿಷ್ ಅಕ್ಷರ) ಇದೆ, ಅದರ ಇಟಾಲಿಕ್ (ಬಲಕ್ಕೆ ವಾಲಿದ ರೂಪ) ಇಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ: ಅಕ್ಷರಗಳನ್ನೆಲ್ಲ ಆಯ್ದುಕೊಂಡು 12 ಡಿಗ್ರಿ ಓರೆ ಮಾಡಿ, ಫೈಲಿಗೆ ಬೋಲ್ಡ್ ಇಟಾಲಿಕ್ ಎಂದು ಹೆಸರಿಟ್ಟು ಉಳಿಸಿಬಿಡುವುದು. 10 ಪಾಯಿಂಟಿನಲ್ಲಿ ಅದು ಹೇಗೋ ಸಾಗುತ್ತದೆ. ಅದೇ ಅಕ್ಷರ ಪೋಸ್ಟರಿಗೋ ಪತ್ರಿಕೆಯ ಮುಖಪುಟಕ್ಕೋ ಅಂಗಡಿಯ ಬೋರ್ಡಿಗೋ ಏರಿದಾಗ ಹುಳುಕೆಲ್ಲ ಹೊರಬೀಳುತ್ತದೆ. ಇಂಗ್ಲಿಷಿನ ‘ವಿ’ (v) ಅಕ್ಷರದ ಒಂದು ಕಾಲು ಊದಿಕೊಂಡಿರುತ್ತದೆ, ಇನ್ನೊಂದು ಸೊರಗಿರುತ್ತದೆ. ‘ಓ’ (o) ತಿರುಚಿದ ಹಾಗೆ ಕಾಣುತ್ತದೆ. ‘ಎನ್’, ‘ಎಮ್’ಗಳ ಕಾಲಬುಡದಲ್ಲಿ ಪಟ್ಟಿಗಳು ಒತ್ತೊತ್ತಾಗಿ ಕೂತು ಸಾಲಿನ ಅಡಿಗೆ ಕಪ್ಪು ಅಂಚು ಬರುತ್ತದೆ. ದಪ್ಪ ಸ್ಲ್ಯಾಬಿನ ಇಟಾಲಿಕ್ ಅನ್ನು ಹೊಸದಾಗಿಯೇ ಬರೆಯಬೇಕು. ಓರೆ ಮಾಡುವುದು ಅದರ ಮೊದಲ ಹೆಜ್ಜೆ ಮಾತ್ರ. ಉಳಿದ ಹೆಜ್ಜೆಗಳನ್ನು ಅಳತೆಗಳ ಸಮೇತ ಇಲ್ಲಿ ಬರೆದಿದ್ದೇನೆ.

ಸ್ಲ್ಯಾಬ್ ಹುಟ್ಟಿದ್ದೇ ದೊಡ್ಡ ಗಾತ್ರಕ್ಕಾಗಿ. ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ 1815ರ ಸುಮಾರಿಗೆ ತನ್ನ ಅಚ್ಚುಮೊಳೆಗಳ ಮಾದರಿ ಪುಸ್ತಕದಲ್ಲಿ ‘ಆಂಟಿಕ್’ ಎಂಬ ಹೆಸರಿನಲ್ಲಿ ಇದನ್ನು ತೋರಿಸಿದ. ಆಗ ಇದ್ದದ್ದು ದೊಡ್ಡಕ್ಷರಗಳು ಮಾತ್ರ. ಗೋಡೆಗೆ ಅಂಟಿಸುವ ಜಾಹೀರಾತು ದೂರದಿಂದಲೇ ಕಣ್ಣಿಗೆ ಬೀಳಬೇಕಿತ್ತು. ಅದಕ್ಕೆ ತೆಳು ಸೆರಿಫ್ ಸಾಲದೆ, ನಿಲುಗೆರೆಯಷ್ಟೇ (ಅಕ್ಷರದ ನೆಟ್ಟಗಿನ ಗೆರೆಯಷ್ಟೇ) ದಪ್ಪದ ಪಟ್ಟಿ ಬಂತು. ರಾಬರ್ಟ್ ಥಾರ್ನ್ ಇಂಥ ಅಕ್ಷರವನ್ನು ‘ಈಜಿಪ್ಶಿಯನ್’ ಎಂದು ಕರೆದ. 1820ರಲ್ಲಿ ಅವನು ತೀರಿಕೊಂಡ ಮೇಲೆ ಫೌಂಡ್ರಿಯನ್ನು (ಅಚ್ಚುಮೊಳೆ ತಯಾರಿಸುವ ಕಾರ್ಖಾನೆಯನ್ನು) ಕೊಂಡ ವಿಲಿಯಂ ಥಾರೊಗುಡ್ ಅದೇ ಹೆಸರನ್ನು ಮುಂದುವರಿಸಿದ. 1845ರಲ್ಲಿ ರಾಬರ್ಟ್ ಬೆಸ್ಲಿ ಕ್ಲಾರೆಂಡನ್ ತಂದ. ಅದರಲ್ಲಿ ನಿಲುಗೆರೆ ಪಟ್ಟಿಯನ್ನು ಸೇರುವಲ್ಲಿ ಸಣ್ಣ ಬಾಗು ಇದೆ. ಮುಂದೆ 1929ರ ಮೆಂಫಿಸ್, 1934ರ ರಾಕ್‌ವೆಲ್ ಆ ಬಾಗನ್ನು ಕಿತ್ತುಹಾಕಿ, ಸ್ಕೇಲು ಕೈವಾರ ಹಿಡಿದು ಬರೆದ ಹಾಗಿನ ರೂಪಕ್ಕೆ ಹೋದವು.

ಇಷ್ಟೆಲ್ಲ ಆದರೂ ಇಟಾಲಿಕ್ ಮಾತ್ರ ಹಿಂದೆ ಬಿತ್ತು. ರಾಕ್‌ವೆಲ್ಲಿನ ಇಟಾಲಿಕ್ ನೇರ ಅಕ್ಷರವನ್ನೇ ವಾಲಿಸಿದ್ದು. ಅದರ ಸಣ್ಣ ‘ಎ’ (a) ಅಕ್ಷರಕ್ಕೆ ಎರಡು ಅಂತಸ್ತು, ಅಂದರೆ ಕೆಳಗಿನ ಹೊಟ್ಟೆಯ ಮೇಲೊಂದು ಕೊಕ್ಕೆ, ಹಾಗೆಯೇ ಉಳಿದಿದೆ. 1953ರಲ್ಲಿ ಹರ್ಮನ್ ಐಡೆನ್‌ಬೆನ್ಝ್ ಹಾಸ್ ಫೌಂಡ್ರಿಗೆ ಬರೆದ, ಇಂದಿಗೂ ಎಲ್ಲರೂ ಬಳಸುವ ಕ್ಲಾರೆಂಡನ್‌ಗೆ ಇಟಾಲಿಕ್ಕೇ ಇಲ್ಲ. ಅದೇ ದಶಕದಲ್ಲಿ ಆಲ್ಡೊ ನೊವರೇಸೆ ಇಟಲಿಯ ನೆಬಿಯೊಲೊ ಫೌಂಡ್ರಿಗೆ ಮಾಡಿದ ಎಜಿಝಿಯೊ ಅಪರೂಪದ್ದು. ಅದರ ಇಟಾಲಿಕ್ ಅನ್ನು ಬೇರೆಯಾಗಿಯೇ ಬರೆದಿದ್ದಾರೆ. ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಬರೆಯಲು ಹೊರಟವರು ಮೊದಲು ಕಣ್ಣಿಟ್ಟು ನೋಡಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ತೊಡಕಿನ ಬೇರು ಇಲ್ಲಿದೆ. ಇಟಾಲಿಕ್ ಬಂದದ್ದು ಓಡುವ ಕೈಬರಹದಿಂದ. ಅದರಲ್ಲಿ ಪೆನ್ನು ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆ ಹೊರಹೋಗುತ್ತದೆ. ಸ್ಲ್ಯಾಬ್ ಪ್ರತಿಯೊಂದು ಕಾಲಿನ ಬುಡದಲ್ಲೂ ಎರಡೂ ಕಡೆ ಚಾಚಿ ನಿಂತುಬಿಡುತ್ತದೆ. ಎರಡನ್ನೂ ಹಾಗೆಯೇ ಇಟ್ಟುಕೊಂಡರೆ ಅಕ್ಷರ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಯಾವ ಪಟ್ಟಿಯನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ತೀರ್ಮಾನದಲ್ಲೇ ಈ ಅಕ್ಷರದ ಗುಣವಿದೆ.

ಮೊದಲು ಅಳತೆ

ಒಂದು ಎಮ್‌ಗೆ (ಫಾಂಟಿನ ಗಾತ್ರದಷ್ಟು ಉದ್ದದ ಅಳತೆ, ‘ಎಮ್’ ಅಕ್ಷರವಲ್ಲ) 1000 ಯೂನಿಟ್ ಎಂದಿಟ್ಟುಕೊಳ್ಳಿ. ಡಿಸ್‌ಪ್ಲೇ ಗಾತ್ರದ (ಶೀರ್ಷಿಕೆ, ಬೋರ್ಡುಗಳಂಥ ದೊಡ್ಡ ಬಳಕೆಯ) ದಪ್ಪ ಸ್ಲ್ಯಾಬಿಗೆ ನಾನು ಹಿಡಿಯುವ ಅಳತೆ: ದೊಡ್ಡಕ್ಷರದ ಎತ್ತರ 700, ಎಕ್ಸ್-ಹೈಟ್ (ಸಣ್ಣ ‘ಎಕ್ಸ್’ ಅಕ್ಷರದ ಎತ್ತರ) 520, ಸಣ್ಣಕ್ಷರದ ನಿಲುಗೆರೆ 160, ದೊಡ್ಡಕ್ಷರದ ನಿಲುಗೆರೆ 175. ದೊಡ್ಡಕ್ಷರದ ಒಳಜಾಗ ಹೆಚ್ಚಿರುವುದರಿಂದ ಗೆರೆ ಶೇಕಡಾ 8-10ರಷ್ಟು ದಪ್ಪ ಇದ್ದರೆ ಮಾತ್ರ ಎರಡೂ ಸಮನಾಗಿ ಕಾಣುತ್ತವೆ.

ಪಟ್ಟಿಯ ದಪ್ಪವನ್ನು ಆಸೆಯಿಂದ ನಿಗದಿ ಮಾಡಲಾಗದು, ಸಣ್ಣ ‘ಇ’ (e) ಅದನ್ನು ನಿಗದಿ ಮಾಡುತ್ತದೆ. ‘ಇ’ಯಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಅಡ್ಡಗೆರೆ ಬರುತ್ತವೆ. ಅಡ್ಡಗೆರೆಯನ್ನೂ ಹೆಚ್ಚುಕಡಿಮೆ ನಿಲುಗೆರೆಯಷ್ಟೇ, 150ರ ಹತ್ತಿರ ಇಟ್ಟರೆ ಮೂರಕ್ಕೆ 450 ಹೋಯಿತು. 520ರಲ್ಲಿ ಉಳಿದದ್ದು 70, ಎರಡು ಕಿಂಡಿಗೆ ತಲಾ 35. ಅಷ್ಟು ಸಣ್ಣ ಕಿಂಡಿ ಅಚ್ಚಿನಲ್ಲಿ ತುಂಬಿಹೋಗುತ್ತದೆ, ಪರದೆಯ ಮೇಲೆ ಬೂದುಗೆರೆಯಾಗುತ್ತದೆ. ಹಾಗಾಗಿ ಮೇಲಿನ ಗೆರೆ 95, ನಡುವಿನದು 80, ಕೆಳಗಿನದು 100 ಎಂದು ಇಳಿಸಿ. ಮೊತ್ತ 275, ಉಳಿಯುವುದು 245. ನಡುಗೆರೆಯನ್ನು ಕೊಂಚ ಮೇಲಕ್ಕೆ ಸರಿಸಿ ಮೇಲಿನ ಕಿಂಡಿಗೆ 105, ಕೆಳಗಿನದಕ್ಕೆ 140 ಕೊಡಿ. ಸಣ್ಣ ‘ಎ’ ಮತ್ತು ‘ಎಸ್’ಗಳಿಗೂ ಇದೇ ಲೆಕ್ಕ. ಹೀಗೆ ‘ಇ’ಯ ಗೆರೆಗಳು 100ರ ಆಸುಪಾಸಿಗೆ ಬಂದ ಮೇಲೆ ಸ್ಲ್ಯಾಬ್ ಪಟ್ಟಿಯನ್ನು 105ಕ್ಕಿಂತ ದಪ್ಪ ಮಾಡಿದರೆ ಅಕ್ಷರಕ್ಕೆ ದೊಡ್ಡ ಬೂಟು ಹಾಕಿದ ಹಾಗಾಗುತ್ತದೆ. 160ರ ನಿಲುಗೆರೆಗೆ 105ರ ಪಟ್ಟಿ ನೋಡಲು ಸಮದಪ್ಪವೆಂದೇ ತೋರುತ್ತದೆ. ಅಡ್ಡಗೆರೆ ಯಾವಾಗಲೂ ಇರುವುದಕ್ಕಿಂತ ದಪ್ಪವಾಗಿ ಕಾಣುವುದರಿಂದ ಕಣ್ಣು ಇದನ್ನು ಒಪ್ಪಿಕೊಳ್ಳುತ್ತದೆ.

ಇಟಾಲಿಕ್‌ಗೆ ಬಂದಾಗ ನಿಲುಗೆರೆಯನ್ನು 160ರಿಂದ 153-155ಕ್ಕೆ ಇಳಿಸಿ, ಅಗಲವನ್ನೂ ಶೇಕಡಾ 6ರಿಂದ 8ರಷ್ಟು ಕುಗ್ಗಿಸಬೇಕು. ವಾಲಿದ ಅಕ್ಷರ ಅದೇ ಅಗಲದ ನೇರ ಅಕ್ಷರಕ್ಕಿಂತ ಹೆಚ್ಚು ಜಾಗ ಹಿಡಿದಂತೆ ಕಾಣುತ್ತದೆ.

ಎಷ್ಟು ಓರೆ?

ಲೆಕ್ಕ ಸುಲಭ: ಎತ್ತರವನ್ನು ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ಅಕ್ಷರದ ತಲೆ ಎಷ್ಟು ಬಲಕ್ಕೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. 700 ಎತ್ತರದ ದೊಡ್ಡಕ್ಷರಕ್ಕೆ 8 ಡಿಗ್ರಿಯಲ್ಲಿ 98 ಯೂನಿಟ್, 10ರಲ್ಲಿ 123, 12ರಲ್ಲಿ 149, 14ರಲ್ಲಿ 175. ಕೊನೆಯದನ್ನು ಗಮನಿಸಿ. 14 ಡಿಗ್ರಿಗೆ ಹೋದರೆ ತಲೆ ಒಂದು ಪೂರ್ತಿ ನಿಲುಗೆರೆಯಷ್ಟು ಆಚೆ ಸರಿದಿರುತ್ತದೆ. ಕಾಲಡಿಯ ಅಗಲ ಪಟ್ಟಿ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಅಕ್ಷರ ಮುಂದಕ್ಕೆ ಮುಗ್ಗರಿಸುವಂತೆ ಕಾಣುತ್ತದೆ. 8 ಡಿಗ್ರಿಗೆ ಇಳಿದರೆ ನೇರದ್ದೋ ಓರೆಯದೋ ಎಂಬ ಅನುಮಾನ ಬರುತ್ತದೆ. ದಪ್ಪ ಗೆರೆಯಲ್ಲಿ ಸಣ್ಣ ಓರೆ ಬೇಗ ಮರೆಯಾಗುತ್ತದೆ. ದಪ್ಪ ಸ್ಲ್ಯಾಬಿಗೆ 10ರಿಂದ 12 ಡಿಗ್ರಿಯೇ ಸರಿ. ಮುಂದಿನ ಲೆಕ್ಕಗಳನ್ನೆಲ್ಲ 12ಕ್ಕೆ ಕೊಡುತ್ತೇನೆ.

ಓರೆ ಮಾಡುವಾಗ ಬೇಸ್‌ಲೈನ್ (ಅಕ್ಷರಗಳು ಕೂರುವ ಅಡಿಗೆರೆ) ಅನ್ನು ತಿರುಗುಬಿಂದುವಾಗಿ ಇಟ್ಟುಕೊಂಡರೆ ಅಕ್ಷರ ತನ್ನ ಚೌಕಟ್ಟಿನೊಳಗೆ ಬಲಕ್ಕೆ ಸರಿದುಬಿಡುತ್ತದೆ. ಎಕ್ಸ್-ಹೈಟಿನ ಅರ್ಧವನ್ನು, ಅಂದರೆ 260ರ ಎತ್ತರವನ್ನು ತಿರುಗುಬಿಂದು ಮಾಡಿ. ಸಾಫ್ಟ್‌ವೇರಿನಲ್ಲಿ ಆ ಆಯ್ಕೆ ಸಿಗದಿದ್ದರೆ ಬೇಸ್‌ಲೈನಿನಿಂದಲೇ ಓರೆ ಮಾಡಿ, ಆಮೇಲೆ ಎಲ್ಲ ಗ್ಲಿಫ್‌ಗಳನ್ನೂ (ಅಕ್ಷರರೂಪಗಳನ್ನೂ) 55 ಯೂನಿಟ್ ಎಡಕ್ಕೆ ಸರಿಸಿ. ದೊಡ್ಡಕ್ಷರಕ್ಕೆ ಬೇರೆ, ಸಣ್ಣಕ್ಷರಕ್ಕೆ ಬೇರೆ ಎಂದು ಸರಿಸಬೇಡಿ. ಎರಡರ ನಡುವಿನ ಜಾಗವೆಲ್ಲ ಕಲಸಿಹೋಗುತ್ತದೆ.

ಓರೆ ಮಾಡಿದ ಕೂಡಲೇ ಕೆಡುವುದು

ಫಾಂಟ್ ತಯಾರಿಸುವ ಗ್ಲಿಫ್ಸ್ ಸಾಫ್ಟ್‌ವೇರಿನಲ್ಲಿ ಸ್ಲ್ಯಾಂಟ್ ಮತ್ತು ಕರ್ಸಿವಿ ಎಂದು ಎರಡು ಗುಂಡಿಗಳಿವೆ. ಉಚಿತವಾಗಿ ಸಿಗುವ ಫಾಂಟ್‌ಫೋರ್ಜ್‌ನಲ್ಲಿ ಸ್ಕ್ಯೂ ಇದೆ. ಸ್ಲ್ಯಾಂಟ್ ಮತ್ತು ಸ್ಕ್ಯೂ ಬರೀ ವಾಲಿಸುತ್ತವೆ. ಕರ್ಸಿವಿ ಗೆರೆಯ ದಪ್ಪವನ್ನೂ ಸ್ವಲ್ಪ ಸರಿಮಾಡಲು ನೋಡುತ್ತದೆ, ಆದರೆ ನಿಲುಗೆರೆ ಮತ್ತು ಅಡ್ಡಗೆರೆಯ ಅಳತೆಗಳನ್ನು ಮೊದಲೇ ತುಂಬಿರಬೇಕು. ಯಾವುದನ್ನು ಒತ್ತಿದರೂ ಕೈಯಿಂದ ತಿದ್ದುವ ಕೆಲಸ ತಪ್ಪದು, ಯಾಕೆಂದರೆ ಗೆರೆಯ ದಿಕ್ಕಿಗೆ ತಕ್ಕ ಹಾಗೆ ಹಾನಿ ಬೇರೆಬೇರೆ.

ನೇರ ನಿಲುಗೆರೆಗೆ ಆಗುವ ನಷ್ಟ ಸಣ್ಣದು. ಅಡ್ಡ ಅಳೆದರೆ 160 ಹಾಗೆಯೇ ಇರುತ್ತದೆ, ಗೆರೆಗೆ ಲಂಬವಾಗಿ ಅಳೆದರೆ 156 ಬರುತ್ತದೆ. ಅದನ್ನು ಬಿಟ್ಟುಬಿಡಬಹುದು.

‘ವಿ’ಯನ್ನು ಹತ್ತಿರದಿಂದ ನೋಡಿ. ಅದರ ಎರಡು ಕಾಲುಗಳೂ ನೇರ ರೂಪದಲ್ಲಿ 20 ಡಿಗ್ರಿ ಆಚೀಚೆ ವಾಲಿವೆ, ಎರಡೂ 160 ದಪ್ಪ ಎಂದಿಟ್ಟುಕೊಳ್ಳೋಣ. 12 ಡಿಗ್ರಿ ಬಲಕ್ಕೆ ವಾಲಿಸಿದಾಗ ಎಡಗಾಲು ಹೆಚ್ಚುಕಡಿಮೆ ನೆಟ್ಟಗಾಗುತ್ತದೆ, ಸುಮಾರು ಎಂಟೂವರೆ ಡಿಗ್ರಿಗೆ ಬರುತ್ತದೆ. ಬಲಗಾಲು 30 ಡಿಗ್ರಿಗೆ ಮಲಗುತ್ತದೆ. ಅಡ್ಡ ಅಳತೆ ಬದಲಾಗದೆ ಕೋನ ಮಾತ್ರ ಬದಲಾದ ಕಾರಣ ಎಡಗಾಲಿನ ದಪ್ಪ 168ಕ್ಕೆ ಏರುತ್ತದೆ, ಬಲಗಾಲಿನದು 147ಕ್ಕೆ ಇಳಿಯುತ್ತದೆ. ಅಂತರ 21 ಯೂನಿಟ್. ದೊಡ್ಡಕ್ಷರ 300 ಮಿಲಿಮೀಟರ್ ಎತ್ತರವಿರುವ ಬೋರ್ಡಿನಲ್ಲಿ, ಅಂದರೆ ಸುಮಾರು ಒಂದು ಅಡಿಯ ಅಕ್ಷರದಲ್ಲಿ, ಇದು 9 ಮಿಲಿಮೀಟರ್. ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತದೆ. ಎಡಗಾಲನ್ನು 162ಕ್ಕೆ, ಬಲಗಾಲನ್ನು 152ಕ್ಕೆ ತನ್ನಿ. ಪೂರ್ತಿ ಸಮ ಮಾಡಬೇಡಿ. ‘ವಿ’ಯ ಎಡಗಾಲು ಕೊಂಚ ದಪ್ಪವಿರುವುದೇ ರೋಮನ್ ಅಕ್ಷರದ ವಾಡಿಕೆ, ಸಮ ಮಾಡಿದರೆ ಬಲಗಾಲೇ ದಪ್ಪ ಅನ್ನಿಸುತ್ತದೆ. ‘ಡಬ್ಲ್ಯೂ’, ‘ವೈ’, ‘ಎಕ್ಸ್’ಗಳಿಗೂ ಇದೇ ತಿದ್ದುಪಡಿ. ‘ಝಡ್’ನ ಓರೆಗೆರೆ ಬಲಗಾಲಿನ ಜಾತಿಯದು, ಸೊರಗುತ್ತದೆ, ಅದಕ್ಕೆ ದಪ್ಪ ಕೊಡಬೇಕು. ‘ಎಸ್’ನ ಬೆನ್ನು ಎಡಮೇಲಿಂದ ಬಲಕೆಳಗೆ ಇಳಿಯುತ್ತದೆ, ಹಾಗಾಗಿ ಊದಿಕೊಳ್ಳುತ್ತದೆ, ಶೇಕಡಾ 8ರಷ್ಟು ತೆಗೆದುಹಾಕಿ.

ದುಂಡು ಅಕ್ಷರಗಳಲ್ಲಿ ಹಾನಿ ಇನ್ನೂ ಹೆಚ್ಚು. ವಾಲಿಸುವುದೆಂದರೆ ಬಲಮೇಲೆ–ಎಡಕೆಳಗೆ ದಿಕ್ಕಿನಲ್ಲಿ ಎಳೆಯುವುದು, ಇನ್ನೊಂದು ಕರ್ಣದಲ್ಲಿ ಅದುಮುವುದು. 12 ಡಿಗ್ರಿಗೆ ಎಳೆತ ಶೇಕಡಾ 11ರಷ್ಟು, ಅದುಮು ಶೇಕಡಾ 10ರಷ್ಟು. ಸುತ್ತಲೂ 160 ದಪ್ಪವಿದ್ದ ಉಂಗುರ ಬಲಮೇಲೆ ಮತ್ತು ಎಡಕೆಳಗೆ 178 ಆಗುತ್ತದೆ, ಎಡಮೇಲೆ ಮತ್ತು ಬಲಕೆಳಗೆ 144 ಆಗುತ್ತದೆ. ‘ಓ’ ತಿರುಚಿಕೊಂಡಂತೆ ಕಾಣಲು ಇದೇ ಕಾರಣ. ತಿದ್ದಲು ನಾನು ಹಿಡಿಯುವ ದಾರಿ ಹೀಗೆ: ‘ಓ’ವನ್ನು 12ರ ಬದಲು 6 ಡಿಗ್ರಿ ಮಾತ್ರ ವಾಲಿಸಿ, ಉಳಿದ 6 ಡಿಗ್ರಿಯನ್ನು ಬಲಕ್ಕೆ ತಿರುಗಿಸಿ ತುಂಬಿಸುವುದು. ತಿರುಗಿಸುವುದರಿಂದ ದಪ್ಪ ಕೆಡುವುದಿಲ್ಲ. ಆದರೆ ಅಕ್ಷರದ ಮೇಲಿನ ಕೆಳಗಿನ ತುದಿಗಳು ಸ್ಥಳ ತಪ್ಪುತ್ತವೆ, ಎತ್ತರವೂ ಒಂದೆರಡು ಯೂನಿಟ್ ವ್ಯತ್ಯಾಸವಾಗುತ್ತದೆ. ಅದನ್ನು ಹಿಡಿದು ಸರಿಯಾದ ಎತ್ತರಕ್ಕೆ ಎಳೆಯಬೇಕು.

ಆಮೇಲೆ ನೋಡ್‌ಗಳ (ಗೆರೆಯ ಆಕಾರವನ್ನು ಹಿಡಿದಿಡುವ ಬಿಂದುಗಳ) ಕೆಲಸ. ನೇರ ಅಕ್ಷರದಲ್ಲಿ ತೀರ ಮೇಲೆ, ತೀರ ಬಲಕ್ಕೆ ಎಂದು ತುತ್ತತುದಿಗಳಲ್ಲಿ ಕೂತಿದ್ದ ನೋಡ್‌ಗಳು ವಾಲಿದ ಮೇಲೆ ಅಲ್ಲಿರುವುದಿಲ್ಲ. ಹೊಸ ತುದಿಗಳಲ್ಲಿ ನೋಡ್ ಸೇರಿಸಿ, ಹಳೆಯದನ್ನು ಅಳಿಸಿ, ಹ್ಯಾಂಡಲ್‌ಗಳನ್ನು (ಬಾಗನ್ನು ಎಳೆಯುವ ಹಿಡಿಗಳನ್ನು) ಮತ್ತೆ ನೇರ ಅಡ್ಡಕ್ಕೆ ಮತ್ತು ನೇರ ಉದ್ದಕ್ಕೆ ತನ್ನಿ. ಅಳಿಸಿದ ಕೂಡಲೇ ಬಾಗು ಒಂಚೂರು ಚಪ್ಪಟೆಯಾಗುತ್ತದೆ. ಹಿಂದಿನ ಲೇಯರಿನಲ್ಲಿ ಮೊದಲಿನ ರೂಪವನ್ನು ಇಟ್ಟುಕೊಂಡು ಅದರ ಮೇಲೆಯೇ ಹೊಂದಿಸಿ. ಈ ಕೆಲಸ ಬಿಟ್ಟರೆ ಡಿಸ್‌ಪ್ಲೇ ಗಾತ್ರದಲ್ಲಿ ‘ಓ’ದ ಹೆಗಲಿನ ಮೇಲೆ ಸಣ್ಣ ಉಬ್ಬು ಕಾಣುತ್ತದೆ.

ಪಟ್ಟಿಗೆ ಕತ್ತರಿ

ಸಣ್ಣ ‘ಎನ್’ ಅನ್ನು ತೆಗೆದುಕೊಳ್ಳಿ. ನೇರ ರೂಪದಲ್ಲಿ ನಿಲುಗೆರೆ 160, ಒಳಜಾಗ 175, ಮತ್ತೆ ನಿಲುಗೆರೆ 160. ಪಟ್ಟಿ ಪ್ರತಿ ಕಡೆಗೂ 60 ಚಾಚಿದೆ. ಒಳಜಾಗದ 175ರಲ್ಲಿ ಎರಡೂ ಕಡೆಯ ಪಟ್ಟಿಗಳು ತಲಾ 60 ತಿಂದರೆ ಕಾಲಬುಡದಲ್ಲಿ ಉಳಿಯುವ ಸಂದು 55. ಪಕ್ಕದ ಅಕ್ಷರಕ್ಕೂ ಇದಕ್ಕೂ ನಡುವೆ, ಎರಡು ಕಡೆಯ 20 ಸೇರಿ, 40 ಇರುತ್ತದೆ. ಸಾಲಿನುದ್ದಕ್ಕೂ 55, 40, 55, 40 ಎಂದು ಸಣ್ಣ ಸಂದುಗಳು ಬರುವುದರಿಂದಲೇ ಅಡಿಯಲ್ಲಿ ಕಪ್ಪು ಅಂಚು ಮೂಡುವುದು. ನೇರ ಅಕ್ಷರದಲ್ಲಿ ಈ ಅಂಚು ಕೆಲವೊಮ್ಮೆ ಗುಣವೇ, ಸಾಲನ್ನು ನೆಲಕ್ಕೆ ಕೂರಿಸುತ್ತದೆ. ಇಟಾಲಿಕ್‌ನಲ್ಲಿ ಅದು ಓಟಕ್ಕೆ ಹಾಕಿದ ತೊಡರುಗಾಲು.

ಆದ್ದರಿಂದ ‘ಎನ್’ನ ಮೊದಲ ಕಾಲಿಗೆ ಎಡಪಟ್ಟಿಯನ್ನು ಮಾತ್ರ ಉಳಿಸಿ, ಎರಡನೆಯ ಕಾಲಿಗೆ ಬಲಪಟ್ಟಿಯನ್ನು ಮಾತ್ರ ಉಳಿಸಿ. ಒಳಗಿನ 175 ಪೂರ್ತಿ ತೆರೆದುಕೊಳ್ಳುತ್ತದೆ. ‘ಎಮ್’ನಲ್ಲಿ ನಡುಗಾಲಿಗೆ ಪಟ್ಟಿಯೇ ಬೇಡ. ಅದರ ಮೂರು ಕಾಲುಗಳನ್ನೂ ಶೇಕಡಾ 8ರಷ್ಟು ತೆಳು ಮಾಡಿ, ಇಲ್ಲದಿದ್ದರೆ ಪದದ ನಡುವೆ ‘ಎಮ್’ ಒಂದೇ ಕಪ್ಪಾಗಿ ಎದ್ದು ನಿಲ್ಲುತ್ತದೆ. ‘ಐ’ ಮತ್ತು ‘ಎಲ್’ಗಳಿಗೆ ತಲೆಯಲ್ಲಿ ಎಡಪಟ್ಟಿ, ಬುಡದಲ್ಲಿ ಬಲಪಟ್ಟಿ: ಪೆನ್ನು ಒಳಬಂದ ಕಡೆ ಒಂದು, ಹೊರಹೋದ ಕಡೆ ಒಂದು. ಈ ಒಂಟಿ ಪಟ್ಟಿಗಳನ್ನು 60ರಿಂದ 75ಕ್ಕೆ ಉದ್ದ ಮಾಡಬೇಕು, ಇಲ್ಲದಿದ್ದರೆ ‘ಐ’ ಕುಂಟುತ್ತದೆ.

ದೊಡ್ಡಕ್ಷರಗಳಲ್ಲಿ ಕತ್ತರಿ ಹಾಕಲು ಹೋಗಬೇಡಿ. ‘ಎಚ್’, ‘ಐ’, ‘ಟಿ’ಗಳಿಗೆ ಎರಡೂ ಕಡೆ ಪಟ್ಟಿ ಇರಲಿ, ಇಟಾಲಿಕ್‌ನ ದೊಡ್ಡಕ್ಷರಗಳು ಬಹುಕಾಲದಿಂದ ವಾಲಿದ ರೋಮನ್ ರೂಪಗಳೇ, ಓದುಗನ ಕಣ್ಣಿಗೂ ಅದೇ ಅಭ್ಯಾಸ. ಒಳಪಟ್ಟಿಗಳನ್ನು ಹೊರಗಿನವಕ್ಕಿಂತ 8-10 ಯೂನಿಟ್ ಗಿಡ್ಡ ಮಾಡಿದರೆ ಸಾಕು.

ಪಟ್ಟಿಯ ತುದಿಯನ್ನು ಹೇಗೆ ಕತ್ತರಿಸುವುದು ಎಂಬುದರಲ್ಲಿ ಅಭಿಪ್ರಾಯಭೇದವಿದೆ. ಓರೆ ಮಾಡಿದಾಗ ತುದಿಯೂ 12 ಡಿಗ್ರಿ ವಾಲಿ, ಎಡತುದಿಯ ಕೆಳಮೂಲೆ ಮತ್ತು ಬಲತುದಿಯ ಮೇಲ್ಮೂಲೆ ಚೂಪಾಗುತ್ತವೆ. ಅದನ್ನು ನೆಟ್ಟಗೆ ಕತ್ತರಿಸುವವರಿದ್ದಾರೆ. ನಾನು ವಾಲಿದ ತುದಿಯ ಪರ. ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಸಂದು ಆಗ ಅಕ್ಷರದಷ್ಟೇ ವಾಲಿರುತ್ತದೆ, ಸಾಲಿನಲ್ಲಿ ಎಲ್ಲ ಸಂದುಗಳೂ ಒಂದೇ ದಿಕ್ಕು ನೋಡುತ್ತವೆ.

ಇನ್ನು ‘ಎನ್’ನ ಹೆಗಲು ನಿಲುಗೆರೆಯಿಂದ ಕವಲೊಡೆಯುವ ಜಾಗ. ದಪ್ಪ ಅಕ್ಷರದಲ್ಲಿ ಮಸಿ ಕಟ್ಟುವುದು ಅಲ್ಲಿಯೇ. ಕವಲಿನ ಬುಡವನ್ನು 85-90ಕ್ಕೆ ತೆಳು ಮಾಡಿ ಕ್ರಮೇಣ 155ಕ್ಕೆ ಏರಿಸಿ. ಇಟಾಲಿಕ್‌ನಲ್ಲಿ ಕವಲು ನೇರ ರೂಪಕ್ಕಿಂತ 40 ಯೂನಿಟ್‌ನಷ್ಟು ಕೆಳಗೆ ಒಡೆದರೆ ಕೈಬರಹದ ಗುಣ ಬರುತ್ತದೆ, ಆದರೆ ಸಂದಿನ ಮೂಲೆ ಆಳವಾಗಿ ಕಿರಿದಾಗುತ್ತದೆ. ಆ ಮೂಲೆಯನ್ನು ಚೂಪಾಗಿ ಮುಗಿಸದೆ 12-15 ಯೂನಿಟ್ ಅಗಲದ ಚಪ್ಪಟೆ ತಳ ಕೊಡಿ.

ಸಣ್ಣ ‘ಎ’ಗೆ ಒಂದೇ ಅಂತಸ್ತು ಸಾಕು. ಕಿಂಡಿ ಒಂದೇ ಆಗಿ ದೊಡ್ಡದಾಗುತ್ತದೆ, ಮೂರು ಅಡ್ಡಗೆರೆಯ ಇಕ್ಕಟ್ಟೂ ತಪ್ಪುತ್ತದೆ. ‘ಎಫ್’ ಅನ್ನು ಬೇಸ್‌ಲೈನಿನ ಕೆಳಗೆ ಇಳಿಸುವ ಪದ್ಧತಿ ತೆಳು ಇಟಾಲಿಕ್‌ಗಳಲ್ಲಿ ಚೆಂದ. ದಪ್ಪ ಸ್ಲ್ಯಾಬಿನಲ್ಲಿ ಅದು ಕೆಳಸಾಲಿಗೆ ಚುಚ್ಚುತ್ತದೆ, ಪಟ್ಟಿಯ ಮೇಲೆಯೇ ನಿಲ್ಲಿಸಿ.

ಜಾಗ, ಕರ್ನಿಂಗ್, ಫೈಲು

ಓರೆ ಮಾಡುವುದರಿಂದ ಒಂದೇ ಎತ್ತರದಲ್ಲಿರುವ ಎರಡು ಬಿಂದುಗಳ ಅಡ್ಡ ಅಂತರ ಬದಲಾಗುವುದಿಲ್ಲ. ಹಾಗಾಗಿ ನೇರ ರೂಪದ ಕರ್ನಿಂಗ್ ಜೋಡಿಗಳನ್ನು (ನಿರ್ದಿಷ್ಟ ಎರಡು ಅಕ್ಷರಗಳ ನಡುವಿನ ಜಾಗದ ತಿದ್ದುಪಡಿಗಳನ್ನು) ಇಟಾಲಿಕ್‌ಗೆ ಹಾಗೆಯೇ ತಂದು ಕೆಲಸ ಶುರುಮಾಡಬಹುದು. ಹೊಸದಾಗಿ ನೋಡಬೇಕಾದದ್ದು ರೂಪ ಬದಲಾದ ಅಕ್ಷರಗಳನ್ನು ಮಾತ್ರ: ‘ಎ’, ‘ಎಫ್’, ಪಟ್ಟಿ ಕಳೆದುಕೊಂಡ ‘ಎನ್’, ‘ಎಮ್’, ‘ಎಚ್’, ‘ಐ’. ‘ಎಫ್’ ನಂತರ ಆವರಣ ಚಿಹ್ನೆ, ಉದ್ಧರಣ ಚಿಹ್ನೆ, ಪ್ರಶ್ನಾರ್ಥಕ ಬಂದಾಗ ತಲೆ ಡಿಕ್ಕಿ ಹೊಡೆಯುತ್ತದೆ, 30ರಿಂದ 50 ಯೂನಿಟ್ ಬಿಡಿಸಬೇಕಾಗುತ್ತದೆ. ಪದಗಳ ನಡುವಿನ ಜಾಗ 190ರ ಆಸುಪಾಸು ಸಾಕು. ಡಿಸ್‌ಪ್ಲೇ ಅಕ್ಷರಕ್ಕೆ ಪಠ್ಯದಷ್ಟು ಅಗಲ ಕೊಟ್ಟರೆ ಶೀರ್ಷಿಕೆ ತುಂಡುತುಂಡಾಗುತ್ತದೆ.

ಫೈಲಿನೊಳಗಿನ ಗುರುತುಗಳನ್ನು ಮರೆತರೆ ಬರೆದದ್ದೆಲ್ಲ ದಂಡ. ಅವು ಫೈಲಿನೊಳಗೆ ಟೇಬಲ್ ಎಂಬ ಕೋಷ್ಟಕಗಳಲ್ಲಿರುತ್ತವೆ. ಪೋಸ್ಟ್ (post) ಟೇಬಲ್‌ನಲ್ಲಿ ಇಟಾಲಿಕ್ ಆಂಗಲ್ ಅನ್ನು ಮೈನಸ್ 12 ಎಂದು ತುಂಬಬೇಕು. ಬಲಕ್ಕೆ ವಾಲಿದರೆ ಇಲ್ಲಿ ಋಣಸಂಖ್ಯೆ. ಎಚ್‌ಹೆಚ್‌ಇಎ (hhea) ಟೇಬಲ್‌ನಲ್ಲಿ ಕ್ಯಾರೆಟ್ ಸ್ಲೋಪ್ ರೈಸ್ 1000, ರನ್ 213 ಕೊಟ್ಟರೆ ಟೈಪ್ ಮಾಡುವಾಗ ಕರ್ಸರ್ ಕೂಡ ಅಕ್ಷರದಷ್ಟೇ ವಾಲಿ ನಿಲ್ಲುತ್ತದೆ. ಓಎಸ್/2 ಟೇಬಲ್‌ನ ಎಫ್‌ಎಸ್‌ಸೆಲೆಕ್ಷನ್‌ನಲ್ಲಿ 0ನೇ ಬಿಟ್ (ಹೌದು-ಇಲ್ಲ ಎಂಬ ಗುರುತು) ಇಟಾಲಿಕ್‌ಗೆ, 5ನೇ ಬಿಟ್ ಬೋಲ್ಡ್‌ಗೆ. ಹೆಡ್ ಟೇಬಲ್‌ನ ಮ್ಯಾಕ್‌ಸ್ಟೈಲ್‌ನಲ್ಲಿ 0 ಬೋಲ್ಡ್, 1 ಇಟಾಲಿಕ್. ಎರಡು ಕಡೆಯೂ ಎರಡೂ ಬಿಟ್‌ಗಳು ಆನ್ ಆಗಿರಬೇಕು. ತಪ್ಪಿದರೆ ಈ ಫೈಲು ಇಟಾಲಿಕ್ ಎಂದು ಆಫೀಸ್ ಸಾಫ್ಟ್‌ವೇರಿಗೆ ತಿಳಿಯದೆ, ಆಗಲೇ ವಾಲಿರುವ ಅಕ್ಷರವನ್ನು ತಾನೂ ಒಮ್ಮೆ ವಾಲಿಸುತ್ತದೆ.

ವೆಬ್‌ನಲ್ಲಿ ಇದರ ತಲೆಕೆಳಗಾದ ಸಮಸ್ಯೆ. ರೋಬೊಟೊ ಸ್ಲ್ಯಾಬ್, ಆಲ್ಫಾ ಸ್ಲ್ಯಾಬ್ ಒನ್ ಎಲ್ಲರಿಗೂ ಗೊತ್ತಿರುವ ಫಾಂಟ್‌ಗಳು, ಆದರೆ ಗೂಗಲ್ ಫಾಂಟ್ಸ್‌ನಲ್ಲಿ ಇವೆರಡಕ್ಕೂ ಇಟಾಲಿಕ್ ಇಲ್ಲ. ಶೀರ್ಷಿಕೆಗೆ ಇಟಾಲಿಕ್ ಎಂದು ಬರೆದರೆ ಬ್ರೌಸರ್ ತಾನೇ ವಾಲಿಸುತ್ತದೆ. ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್ಎಸ್ ನಿಯಮದಲ್ಲಿ ಓರೆ ಅಕ್ಷರ ಎಂಬ ಆಬ್ಲೀಕ್‌ಗೆ ಕೋನ ಹೇಳದಿದ್ದರೆ 14 ಡಿಗ್ರಿ. ಮೇಲೆ ಹೇಳಿದ ಊತ, ಸೊರಗು ಎಲ್ಲವೂ ಅಲ್ಲಿ ಇನ್ನಷ್ಟು. ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ನನ್ (none) ಎಂಬ ಬೆಲೆ ಕೊಟ್ಟು ಅದನ್ನು ನಿಲ್ಲಿಸಿ, ನಿಜವಾದ ಬೋಲ್ಡ್ ಇಟಾಲಿಕ್ ಇರುವ ಝಿಲ್ಲಾ ಸ್ಲ್ಯಾಬ್, ಆರ್ವೊ, ಜೋಸೆಫಿನ್ ಸ್ಲ್ಯಾಬ್‌ನಂಥವನ್ನು ಬಳಸಿ. 2017ರಲ್ಲಿ ಮೊಝಿಲ್ಲಾಕ್ಕಾಗಿ ಟೈಪೊತೆಕ್ ಸಂಸ್ಥೆ ಸಿದ್ಧಪಡಿಸಿದ ಝಿಲ್ಲಾ ಸ್ಲ್ಯಾಬ್ ಮುಕ್ತ ಪರವಾನಗಿಯಲ್ಲಿದೆ. ಫಾಂಟ್‌ಫೋರ್ಜ್‌ನಲ್ಲಿ ತೆರೆದು ಅದರ ಬೋಲ್ಡ್ ಮತ್ತು ಬೋಲ್ಡ್ ಇಟಾಲಿಕ್‌ಗಳ ಒಂದೊಂದೇ ಅಕ್ಷರವನ್ನು ಒಂದರ ಮೇಲೊಂದಿಟ್ಟು ಅಳೆಯುವುದು ಕಲಿಯುವವರಿಗೆ ಒಳ್ಳೆಯ ಅಭ್ಯಾಸ.

ಪಕ್ಕದಲ್ಲಿ ಕನ್ನಡ ಬಂದಾಗ

ಕರ್ನಾಟಕದಲ್ಲಿ ಇಂಥ ಅಕ್ಷರ ಒಂಟಿಯಾಗಿ ಬರುವುದು ಕಡಿಮೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು. ಇಂಗ್ಲಿಷ್ ಹೆಸರು ವಾಲಿದ ದಪ್ಪ ಸ್ಲ್ಯಾಬಿನಲ್ಲಿದೆ, ಕನ್ನಡವನ್ನೂ ಹಾಗೆಯೇ ವಾಲಿಸಿ ಎಂದು ಗಿರಾಕಿ ಕೇಳುತ್ತಾರೆ. ವಾಲಿಸಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಕನ್ನಡದಲ್ಲಿ ನೆಟ್ಟಗಿನ ನಿಲುಗೆರೆ ಬಲು ಕಡಿಮೆ, ಹಾಗಾಗಿ ಅಕ್ಷರ ವಾಲಿದೆ ಎಂದು ಕಣ್ಣಿಗೆ ತೋರಿಸುವ ಗೆರೆಗಳೇ ಅಲ್ಲಿಲ್ಲ. ಇರುವುದೆಲ್ಲ ದುಂಡು, ವಾಲಿಸಿದಾಗ ‘ಓ’ಗೆ ಆದ ಹಾನಿಯೇ ಠ, ರ, ಳ, ಅ ಎಲ್ಲಕ್ಕೂ ಆಗುತ್ತದೆ. ಅದರ ಮೇಲೆ ದ–ಧ, ಬ–ಭ, ಪ–ಫ–ಷ ಜೋಡಿಗಳನ್ನು ಬೇರೆ ಮಾಡುವ ಸಣ್ಣ ಗೀಟು ದಪ್ಪ ಅಕ್ಷರದಲ್ಲಿ ಮೊದಲೇ ಇಕ್ಕಟ್ಟಿನಲ್ಲಿರುತ್ತದೆ.

ಕನ್ನಡವನ್ನು ನೆಟ್ಟಗೇ ಇಟ್ಟು ದಪ್ಪದಲ್ಲಿ ಹೊಂದಿಸಿ. ಇಂಗ್ಲಿಷಿನ ದೊಡ್ಡಕ್ಷರ 200 ಮಿಲಿಮೀಟರ್ ಎತ್ತರವಿದ್ದರೆ 175 ಯೂನಿಟ್‌ನ ನಿಲುಗೆರೆ ಬೋರ್ಡಿನ ಮೇಲೆ 50 ಮಿಲಿಮೀಟರ್ ಆಗುತ್ತದೆ. ಕನ್ನಡ ದೊಡ್ಡದಾಗಿ, ಉದಾಹರಣೆಗೆ ಎಮ್ 420 ಮಿಲಿಮೀಟರ್ ಆಗುವಷ್ಟು ದೊಡ್ಡದಾಗಿ ಕೂತರೆ, ಅದೇ 50 ಮಿಲಿಮೀಟರ್ ಗೆರೆಗೆ ಬೇಕಾದದ್ದು ಸುಮಾರು 120 ಯೂನಿಟ್. ಆದ್ದರಿಂದ ತೀರ ದಪ್ಪದ ಕನ್ನಡ ಫಾಂಟನ್ನು ಹುಡುಕುವುದು ತಪ್ಪು. ಒಂದು ಮೆಟ್ಟಿಲು ಕೆಳಗಿನ ತೂಕ (ಗೆರೆಯ ದಪ್ಪದ ಮಟ್ಟ) ಸಾಕು. ಅನೇಕ್ ಕನ್ನಡ ಎಂಬ ಫಾಂಟಿನಲ್ಲಿ 100ರಿಂದ 800ರವರೆಗೆ, ಬಾಲೂ ತಮ್ಮ 2ರಲ್ಲಿ 400ರಿಂದ 800ರವರೆಗೆ ತೂಕಗಳಿವೆ. ಎರಡನ್ನೂ ನಿಜ ಅಳತೆಗೆ ತಂದು ಗೆರೆಯ ದಪ್ಪವನ್ನು ಅಳೆದು ಆರಿಸಿ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಅಂತರವನ್ನು ಕನ್ನಡದ ಎಮ್‌ನ 1.4 ಪಟ್ಟು ಇಟ್ಟುಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರಗಳು ಇಂಗ್ಲಿಷಿನ ವಾಲಿದ ತಲೆಪಟ್ಟಿಗೆ ತಾಗುತ್ತವೆ.

ಬೋರ್ಡಿನವರಿಗೆ ಫೈಲು ಕೊಡುವಾಗ ಮೂರು ವಿಷಯ ನೋಡಿ. ರೇಡಿಯಂ ಸ್ಟಿಕ್ಕರ್ ಕಟಿಂಗ್‌ನಲ್ಲಿ ಪಟ್ಟಿಯ ಚೂಪು ಮೂಲೆಗಳು ಮೊದಲು ಎದ್ದುಬರುತ್ತವೆ, ಅವಕ್ಕೆ 1 ಮಿಲಿಮೀಟರ್‌ನಷ್ಟು ದುಂಡು ಕೊಡಿ. ಅಕ್ರಿಲಿಕ್ ಅನ್ನು ರೂಟರ್‌ನಲ್ಲಿ ಕತ್ತರಿಸುವುದಾದರೆ 3 ಮಿಲಿಮೀಟರ್ ಬಿಟ್ (ತಿರುಗುತ್ತ ಕತ್ತರಿಸುವ ಮೊನೆ) ಒಳಮೂಲೆಯಲ್ಲಿ ಒಂದೂವರೆ ಮಿಲಿಮೀಟರ್ ದುಂಡನ್ನು ಬಿಟ್ಟೇ ಬಿಡುತ್ತದೆ, 3 ಮಿಲಿಮೀಟರ್‌ಗಿಂತ ಕಿರಿದಾದ ಸಂದಿಗೆ ಅದು ಇಳಿಯುವುದೇ ಇಲ್ಲ. ಧ, ಭಗಳ ಗೀಟಿನ ಆಚೀಚೆಯ ಸಂದನ್ನು ಅಳೆದು ನೋಡಿ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಮರೆಯುವಂಥದ್ದು. ಕೋರೆಲ್‌ಡ್ರಾದಲ್ಲಿ ಅಕ್ಷರವನ್ನು ಗೆರೆರೂಪಕ್ಕೆ, ಅಂದರೆ ಕರ್ವ್ಸ್‌ಗೆ ಬದಲಿಸಿದ ಮೇಲೆ ವೆಲ್ಡ್ ಮಾಡಲೇಬೇಕು, ಅಂದರೆ ಒಂದರ ಮೇಲೊಂದು ಬಂದ ತುಂಡುಗಳನ್ನು ಒಂದೇ ಆಕಾರವಾಗಿ ಬೆಸೆಯಬೇಕು. ಪಟ್ಟಿ ಮತ್ತು ನಿಲುಗೆರೆಯನ್ನು ಬೇರೆಬೇರೆ ತುಂಡಾಗಿ ಬರೆದ ಫಾಂಟ್‌ಗಳಲ್ಲಿ, ದೀರ್ಘವೋ ಒತ್ತೋ ಮೂಲ ಅಕ್ಷರದ ಮೇಲೆ ಹತ್ತಿ ಕೂರುವ ಕನ್ನಡ ಪದಗಳಲ್ಲಿ, ವೆಲ್ಡ್ ಬಿಟ್ಟರೆ ಕಟರ್ ಒಳಗೆರೆಗಳ ಮೇಲೂ ಬ್ಲೇಡ್ ಓಡಿಸುತ್ತದೆ, ಅಕ್ಷರ ಹಾಳೆಯಿಂದ ತುಂಡುತುಂಡಾಗಿ ಏಳುತ್ತದೆ. ಪರದೆಯ ಮೇಲೆ ಒಮ್ಮೆ ವೈರ್‌ಫ್ರೇಮ್ (ಬಣ್ಣವಿಲ್ಲದ ಬರೀ ಹೊರಗೆರೆಯ) ನೋಟಕ್ಕೆ ಹೋದರೆ ಒಳಗೆರೆ ಉಳಿದಿದೆಯೋ ಇಲ್ಲವೋ ಕಂಡುಬಿಡುತ್ತದೆ.